ಗೇಟ್ ತೆರೆದಿದೆ ಸರಿ, ನೀರು ಬಂತಾ?

ಮಾನ್ವಿ, ಸಿರವಾರ ಕಡೆಯ ರೈತರನ್ನು "ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದಾರಂತಲ್ಲ" ಎಂದು ಕೇಳಿ ನೋಡಿ. "ಬಿಟ್ಟಾರ್ರೀ, ಬಿಟ್ಟಿಲ್ಲ ಅಂತ ಯಾರಂದ್ರು? ನಮಗ ಬಂದಿಲ್ಲ" ಎನ್ನುತ್ತಾರೆ. ಎರಡೂ ಮಾತು ನಿಜ. ಮುನಿರಾಬಾದ್ ಹತ್ತಿರ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಿರುತ್ತಾರೆ. ಕಾಲುವೆಯ ತಲೆಭಾಗದಲ್ಲಿ ನೀರು ತುಂಬಿ ಹರಿಯುತ್ತಿರುತ್ತದೆ. ಆದರೆ ಈ ಕಾಲುವೆ 200 ಕಿಲೋಮೀಟರ್‌ಗಿಂತ ಉದ್ದ. ಗಂಗಾವತಿ, ಸಿಂಧನೂರು ಕಡೆಯ ಗದ್ದೆಗಳನ್ನು ದಾಟಿ ಕೊನೆ ಭಾಗಕ್ಕೆ ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಎನ್ನುವುದೇ ಪ್ರಶ್ನೆ. ಅದಕ್ಕೇ ನಮ್ಮ ಕಡೆ ಗೇಟಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗೇಜ್ ಕೇಳುತ್ತಾರೆ. ಮೈಲ್ 104ರಲ್ಲಿ, ಅಂದರೆ ಕಾಲುವೆಯ 104ನೇ ಮೈಲಿಯಲ್ಲಿ, ಎಷ್ಟು ಅಡಿ ನೀರಿದೆ ಹೇಳಿ, ಸಾಕು.

ನಾನು ರಾಯಚೂರಿನಲ್ಲಿ ನಾಲ್ಕಾರು ಮಿಲ್‌ಗಳ, ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಡೇಟಾಬೇಸ್ ಸರ್ವರ್ ಸರಿಯಾಗಿ ನಡೆಯುತ್ತಿದೆಯಾ ಎಂದು ನಿಗಾ ಇಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಕಾಲುವೆಯ ಕಥೆ ಹೇಳುತ್ತೇನೆ. "ಸರ್ವರ್ ಆನ್ ಇದೆ" ಎನ್ನುವುದು ಗೇಟಿನ ಸುದ್ದಿ. "ಕೆಲಸ ಆಗುತ್ತಿದೆ" ಎನ್ನುವುದು ಕೊನೆ ಭಾಗದ ಸುದ್ದಿ. ಹೆಚ್ಚಿನವರು ಗೇಟ್ ನೋಡಿಕೊಂಡು ನಿಶ್ಚಿಂತೆಯಿಂದ ಮಲಗುತ್ತಾರೆ. ನಾನೂ ಹಾಗೇ ಮಲಗುತ್ತಿದ್ದವನೇ.

ಡೇಟಾಬೇಸ್ ಸರ್ವರ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಅಡತಿ ಅಂಗಡಿಯಲ್ಲಿ ಖಾತೆ ಬರೆಯುವ ಗುಮಾಸ್ತರು ಇರುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಖಾತೆ ಪುಸ್ತಕ ಬೇರೆ ಯಾರೂ ಮುಟ್ಟುವಂತಿಲ್ಲ. ಬರೆಯಬೇಕಾ, ಅವರಿಗೆ ಹೇಳಬೇಕು. ನೋಡಬೇಕಾ, ಅವರನ್ನೇ ಕೇಳಬೇಕು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಇವೆಲ್ಲ ಇಂಥ ಗುಮಾಸ್ತರ ಹೆಸರುಗಳು. ನಾವು ಪರದೆಯ ಮೇಲೆ ನೋಡುವ ಸಾಫ್ಟ್‌ವೇರ್ ಬರೀ ಗಿರಾಕಿ.

ಒಂದು ಟ್ರ್ಯಾಕ್ಟರ್, ನಾಲ್ಕು ಚೀಟಿ

ಹತ್ತಿ ಸೀಸನ್. ನವೆಂಬರ್ ತಿಂಗಳು. ನಾನು ನೋಡಿಕೊಳ್ಳುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಬೆಳಿಗ್ಗೆಯಿಂದ ಟ್ರ್ಯಾಕ್ಟರ್ ಸಾಲು. ಅಲ್ಲಿನ ಪದ್ಧತಿ ಸರಳ. ಹತ್ತಿ ತುಂಬಿದ ಟ್ರ್ಯಾಕ್ಟರ್ ಕಾಟಾ ಮೇಲೆ ನಿಲ್ಲುತ್ತದೆ, ತೂಕ ಸರ್ವರ್‌ಗೆ ಹೋಗುತ್ತದೆ, ಚೀಟಿ ಬರುತ್ತದೆ. ಖಾಲಿ ಮಾಡಿ ಬಂದ ಮೇಲೆ ಮತ್ತೊಮ್ಮೆ ತೂಕ. ಎರಡರ ವ್ಯತ್ಯಾಸಕ್ಕೆ ದುಡ್ಡು.

ಹನ್ನೊಂದು ಗಂಟೆಗೆ ಕಾಟಾದ ಹುಡುಗನ ಫೋನ್. "ಸರ, ಚೀಟಿ ಬರವಲ್ದು. ಹಳೇ ಚೀಟಿ ಹುಡುಕಿದ್ರ ಸಿಗ್ತಾವ, ಹೊಸಾದು ಸೇವ್ ಆಗವಲ್ದು ನೋಡ್ರಿ."

ಲ್ಯಾಪ್‌ಟಾಪ್ ತೆರೆದು ನೋಡಿದೆ. ನಾನು ಹಾಕಿಟ್ಟಿದ್ದ ನಿಗಾ ಪರದೆಯಲ್ಲಿ ಎಲ್ಲ ಹಸಿರು. ಸರ್ವೀಸ್ ಸ್ಥಿತಿ ಕೇಳಿದರೆ "ಆಕ್ಟಿವ್, ರನ್ನಿಂಗ್". ನನ್ನ ಸ್ಕ್ರಿಪ್ಟ್, ಅಂದರೆ ತಾನಾಗೇ ಓಡುವ ಸಣ್ಣ ಪ್ರೋಗ್ರಾಂ, ಪ್ರತಿ ನಿಮಿಷ ಸರ್ವರ್‌ಗೆ "ಸೆಲೆಕ್ಟ್ 1" ಎಂಬ ಸಣ್ಣ ಪ್ರಶ್ನೆ ಕೇಳುತ್ತಿತ್ತು. ಅದಕ್ಕೂ ಉತ್ತರ ಬರುತ್ತಿತ್ತು, ಅದೂ ಕ್ಷಣದಲ್ಲಿ. ನಾನು "ಸರ್ವರ್ ಸರಿ ಇದೆ, ಪ್ರಿಂಟರ್ ಕೇಬಲ್ ನೋಡು" ಎಂದೆ. ಅವನು ಪಾಪ ಕೇಬಲ್ ಕಿತ್ತು ಹಾಕಿದ. ಇನ್ನೊಂದು ಕೇಬಲ್ ತಂದು ಹಾಕಿದ. ಇಪ್ಪತ್ತು ನಿಮಿಷ ಹೋಯಿತು. ಹೊರಗೆ ಹಾರ್ನ್ ಸದ್ದು ಫೋನಿನಲ್ಲೇ ಕೇಳಿಸುತ್ತಿತ್ತು.

ಕೊನೆಗೆ ಸರ್ವರ್‌ನ ಎರರ್ ಲಾಗ್, ಅಂದರೆ ಅದು ತನ್ನ ತೊಂದರೆಗಳನ್ನು ಬರೆದಿಡುವ ಡೈರಿ, ತೆರೆದೆ. ಅಲ್ಲಿ ಒಂದು ಸಾಲು ಇತ್ತು. ಡಿಸ್ಕ್ ತುಂಬಿದೆ, ಯಾರಾದರೂ ಜಾಗ ಖಾಲಿ ಮಾಡಲಿ ಎಂದು ಕಾಯುತ್ತಿದ್ದೇನೆ, 60 ಸೆಕೆಂಡಿಗೊಮ್ಮೆ ಮತ್ತೆ ಪ್ರಯತ್ನಿಸುತ್ತೇನೆ, ಈ ಸಂದೇಶವನ್ನು 600 ಸೆಕೆಂಡಿಗೊಮ್ಮೆ ಮತ್ತೆ ಬರೆಯುತ್ತೇನೆ, ಎಂಬ ಅರ್ಥದ ಸಾಲು. ಮೈಎಸ್‌ಕ್ಯೂಎಲ್‌ನ ಸ್ವಭಾವವೇ ಇದು. ಬರೆಯಲು ಜಾಗ ಇಲ್ಲದಿದ್ದರೆ ಅದು ಸಾಯುವುದಿಲ್ಲ, ಕೂಗುವುದಿಲ್ಲ. ಪೆನ್ನು ಕೈಯಲ್ಲಿ ಹಿಡಿದು ಸುಮ್ನೆ ಕೂತಿರುತ್ತದೆ. ಹತ್ತು ನಿಮಿಷಕ್ಕೊಮ್ಮೆ ತನ್ನ ಡೈರಿಯಲ್ಲಿ "ಜಾಗ ಇಲ್ಲ" ಎಂದು ಬರೆದುಕೊಳ್ಳುತ್ತದೆ. ಓದುವ ಪ್ರಶ್ನೆ ಕೇಳಿದರೆ ಮಾತ್ರ ಥಟ್ಟನೆ ಉತ್ತರ ಕೊಡುತ್ತದೆ.

ಆ ಡಿಸ್ಕ್‌ನಲ್ಲಿ ನಾನೇ ಎಂದೋ ಬಿಟ್ಟಿದ್ದ ಹಳೇ ಜಿಪ್ ಫೈಲ್ ಒಂದನ್ನು ಅಳಿಸಿದೆ. ಒಂದು ನಿಮಿಷದೊಳಗೆ ಕಾಟಾದಲ್ಲಿ ಪ್ರಿಂಟರ್ ಕರ್ ಕರ್ ಎಂದು ಶುರುವಾಯಿತು. ಒಂದೇ ಟ್ರ್ಯಾಕ್ಟರ್‌ಗೆ ನಾಲ್ಕು ಚೀಟಿ. ಹುಡುಗ ಚೀಟಿ ಬರಲಿಲ್ಲ ಎಂದು ನಾಲ್ಕು ಸಲ ಸೇವ್ ಒತ್ತಿದ್ದ. ನಾಲ್ಕೂ ಸಾಲಿನಲ್ಲಿ ಕಾಯುತ್ತಿದ್ದವು. ಆಮೇಲೆ ಮೂರು ಚೀಟಿ ರದ್ದು ಮಾಡುವ ಕೆಲಸ ಬೇರೆ.

ಡಿಸ್ಕ್ ಯಾಕೆ ತುಂಬಿತು ಎನ್ನುವುದು ಇನ್ನೂ ಮಜಾ. ಕಾಟಾದ ಸಾಫ್ಟ್‌ವೇರ್ ಆ ಕ್ಷಣದ ತೂಕವನ್ನು ಖಾತೆ ಪುಸ್ತಕದ ಪಟ್ಟಿಯಂಥ ಒಂದು ಟೇಬಲ್‌ನಲ್ಲಿ ಸೆಕೆಂಡಿಗೆ ಹತ್ತು ಸಲ ಬರೆಯುತ್ತಿತ್ತು. ಟೇಬಲ್‌ನಲ್ಲಿ ಇದ್ದದ್ದು ಒಂದೇ ಸಾಲು. ಅದನ್ನೇ ಅಳಿಸಿ ಅಳಿಸಿ ಬರೆಯುವುದು. ಹಾಗಾಗಿ ಡೇಟಾಬೇಸ್ ಬೆಳೆದೇ ಇರಲಿಲ್ಲ. ಆದರೆ ಮೈಎಸ್‌ಕ್ಯೂಎಲ್ ಪ್ರತಿ ಬದಲಾವಣೆಯನ್ನೂ ಬೈನರಿ ಲಾಗ್ ಎಂಬ ಇನ್ನೊಂದು ಪುಸ್ತಕದಲ್ಲಿ ಬರೆದಿಡುತ್ತದೆ. 8.0 ಆವೃತ್ತಿಯಿಂದ ಈ ಪುಸ್ತಕ ತಾನಾಗೇ ಚಾಲೂ ಇರುತ್ತದೆ, ನಾವು ಬದಲಿಸದಿದ್ದರೆ 30 ದಿನದ ಬರಹವನ್ನು ಇಟ್ಟುಕೊಳ್ಳುತ್ತದೆ. ಒಂದು ಬದಲಾವಣೆಗೆ 500 ಬೈಟ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಹತ್ತು. ದಿನಕ್ಕೆ 400 ಎಂಬಿಗೂ ಜಾಸ್ತಿ. 30 ದಿನಕ್ಕೆ ಸುಮಾರು 13 ಜಿಬಿ. ಬೇರೆ ತಿಂಗಳುಗಳಲ್ಲಿ ಕಾಟಾ ದಿನಕ್ಕೆ ಮೂರ್ನಾಲ್ಕು ಗಂಟೆ ಓಡುತ್ತಿತ್ತು, ಏನೂ ಆಗಿರಲಿಲ್ಲ. ಸೀಸನ್‌ನಲ್ಲಿ ಹಗಲು ರಾತ್ರಿ ಓಡಿತು. ಡಿಸ್ಕ್‌ನಲ್ಲಿ ಅಷ್ಟು ಜಾಗ ಇರಲಿಲ್ಲ.

ಎಲ್ಲಿ ನಿಂತು ಅಳೆಯಬೇಕು?

ಆ ದಿನದ ಮೇಲೆ ನಾನು ನಿಗಾ ಇಡುವುದನ್ನು ಕಾಲುವೆಯ ಗೇಜ್‌ಗಳ ಥರ ನೋಡಲು ಶುರು ಮಾಡಿದೆ. ತಲೆಯಿಂದ ಕೊನೆಯವರೆಗೆ ಬೇರೆ ಬೇರೆ ಕಡೆ ನಿಂತು ಅಳೆಯಬಹುದು. ಪ್ರತಿಯೊಂದು ಜಾಗವೂ ಬೇರೆ ಸುದ್ದಿ ಹೇಳುತ್ತದೆ.

ಮೊದಲನೆಯದು, ಪ್ರೋಗ್ರಾಂ ಓಡುತ್ತಿದೆಯಾ. ಇದನ್ನು ಆಪರೇಟಿಂಗ್ ಸಿಸ್ಟಮ್ ಹೇಳುತ್ತದೆ. ಇದು ಬರೀ ಗೇಟ್. ನಂತರದ್ದು ಪೋರ್ಟ್, ಅಂದರೆ ಬಾಗಿಲು. ಮೈಎಸ್‌ಕ್ಯೂಎಲ್‌ಗೆ ಸಾಮಾನ್ಯವಾಗಿ 3306, ಪೋಸ್ಟ್‌ಗ್ರೆಸ್‌ಗೆ 5432. ಬಾಗಿಲು ತಟ್ಟಿದರೆ ತೆರೆಯುತ್ತದಾ ನೋಡುವುದು. ಇಲ್ಲೊಂದು ಮೋಸ ಇದೆ. ಮೈಎಸ್‌ಕ್ಯೂಎಲ್ ಜೊತೆ ಬರುವ "ಮೈಎಸ್‌ಕ್ಯೂಎಲ್‌ಅಡ್ಮಿನ್ ಪಿಂಗ್" ಎಂಬ ಆದೇಶ ತುಂಬ ಜನ ಬಳಸುತ್ತಾರೆ. ಪಾಸ್‌ವರ್ಡ್ ತಪ್ಪಾಗಿದ್ದರೂ ಅದು "ಎಲ್ಲ ಸರಿ" ಎಂಬ ಸಂಕೇತವನ್ನೇ ವಾಪಸ್ ಕೊಡುತ್ತದೆ. ಅದರ ವಾದ ಏನೆಂದರೆ, ನಿನ್ನನ್ನು ಒಳಗೆ ಬಿಡಲಿಲ್ಲ ಎಂದು ಹೇಳಲಾದರೂ ಯಾರೋ ಎದ್ದಿದ್ದಾರಲ್ಲ! ವಾದ ಸರಿಯೇ. ಆದರೆ ನಮಗೆ ಉಪಯೋಗ ಇಲ್ಲ. ಪೋಸ್ಟ್‌ಗ್ರೆಸ್‌ನ "ಪಿಜಿ ಈಸ್‌ರೆಡಿ" ಕೂಡ ಹೆಚ್ಚುಕಡಿಮೆ ಇದೇ ಜಾತಿ. ಸರಿಯಾದ ಹೆಸರು, ಪಾಸ್‌ವರ್ಡ್ ಇಲ್ಲದೆಯೂ ಅದು ಉತ್ತರ ತರುತ್ತದೆ.

ಅದಾದ ಮೇಲೆ ಲಾಗಿನ್ ಆಗಿ ಪ್ರಶ್ನೆ ಕೇಳುವುದು. ನನ್ನ "ಸೆಲೆಕ್ಟ್ 1" ಇಲ್ಲಿಗೆ ಸೇರಿದ್ದು. ಅದರ ದೋಷ ಏನು ಗೊತ್ತಾ? ಅದು ಯಾವ ಟೇಬಲ್ಲನ್ನೂ ಮುಟ್ಟುವುದಿಲ್ಲ. ಗುಮಾಸ್ತರನ್ನು "ಒಂದು ಅನ್ನಿ" ಎಂದರೆ ಅವರು "ಒಂದು" ಎನ್ನುತ್ತಾರೆ. ಖಾತೆ ಪುಸ್ತಕ ಗೆದ್ದಲು ತಿಂದಿದ್ದರೂ "ಒಂದು" ಎನ್ನಬಲ್ಲರು.

ಹಾಗಾಗಿ ಬರೆದೇ ನೋಡಬೇಕು. ಇದಕ್ಕೆ ಹಾರ್ಟ್‌ಬೀಟ್ ಎನ್ನುತ್ತಾರೆ, ಎದೆಬಡಿತ. ಡೇಟಾಬೇಸ್‌ನಲ್ಲಿ ಒಂದು ಪುಟ್ಟ ಟೇಬಲ್, ಅದರಲ್ಲಿ ಒಂದೇ ಸಾಲು. ಹತ್ತು ಸೆಕೆಂಡಿಗೊಮ್ಮೆ ಒಂದು ಸ್ಕ್ರಿಪ್ಟ್ ಅಲ್ಲಿ "ಈಗ ಸಮಯ ಇಷ್ಟು" ಎಂದು ಬರೆಯುತ್ತದೆ. ಇನ್ನೊಂದು ಸ್ಕ್ರಿಪ್ಟ್ ಅದನ್ನು ಓದಿ, ಕೊನೆಯ ಸಲ ಬರೆದು ಎಷ್ಟು ಸೆಕೆಂಡ್ ಆಯಿತು ಎಂದು ಲೆಕ್ಕ ಹಾಕುತ್ತದೆ. ಹತ್ತರ ಒಳಗಿದ್ದರೆ ಬಡಿತ ಸರಿ. ಅರವತ್ತು ದಾಟಿದರೆ ಏನೋ ಆಗಿದೆ. ಇಷ್ಟೇ. ಆ ನವೆಂಬರ್‌ನಲ್ಲಿ ಇದೊಂದು ಇದ್ದಿದ್ದರೆ, ಡಿಸ್ಕ್ ತುಂಬಿದ ಕೆಲವೇ ನಿಮಿಷಕ್ಕೆ ನನಗೆ ಗೊತ್ತಾಗುತ್ತಿತ್ತು. ಹುಡುಗ ಕೇಬಲ್ ಕೀಳಬೇಕಾಗಿರಲಿಲ್ಲ.

ಇದರಲ್ಲಿ ಎರಡು ಸೂಕ್ಷ್ಮ ಇವೆ. ಒಂದು, ಸ್ಕ್ರಿಪ್ಟ್ ಎಲ್ಲಿಂದ ಓಡಬೇಕು? ಸರ್ವರ್ ಒಳಗೇ ಓಡಿಸಿದರೆ ಅಣೆಕಟ್ಟಿನ ಮೇಲೆ ನಿಂತು ಗೇಜ್ ನೋಡಿದ ಹಾಗೆ. ನಾನು ಕಾಟಾದ ಕಂಪ್ಯೂಟರ್‌ನಿಂದಲೇ ಓಡಿಸುತ್ತೇನೆ. ಮಧ್ಯದ ಕೇಬಲ್ ಇಲಿ ಕಡಿದಿದ್ದರೂ, ಸ್ವಿಚ್ ಸುಟ್ಟಿದ್ದರೂ ಅದೇ ಒಂದು ಅಳತೆಯಲ್ಲಿ ಸಿಕ್ಕಿಬೀಳುತ್ತದೆ. ಎರಡು, ಗಡಿಯಾರ. ಎರಡು ಕಂಪ್ಯೂಟರ್‌ಗಳ ಸಮಯ ಬೇರೆ ಬೇರೆ ಇದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಬರೆಯುವ ಸಮಯವನ್ನೂ, ವ್ಯತ್ಯಾಸವನ್ನೂ ಸರ್ವರ್‌ನ ಗಡಿಯಾರದಿಂದಲೇ ತೆಗೆದುಕೊಳ್ಳುವುದು ಒಳ್ಳೆಯದು.

ಒಂದಕ್ಕಿಂತ ಹೆಚ್ಚು ಸರ್ವರ್ ಇದ್ದು, ಮುಖ್ಯ ಸರ್ವರ್‌ನಲ್ಲಿ ಬರೆದದ್ದು ಎರಡನೆಯದಕ್ಕೆ ನಕಲಾಗುತ್ತಿದ್ದರೆ, ಇದೇ ಎದೆಬಡಿತ ಅಲ್ಲೂ ಉಪಯೋಗಕ್ಕೆ ಬರುತ್ತದೆ. ನಕಲು ಎಷ್ಟು ಸೆಕೆಂಡ್ ಹಿಂದಿದೆ ಎಂದು ಮೈಎಸ್‌ಕ್ಯೂಎಲ್ ತಾನೇ ಒಂದು ಅಂಕಿ ಹೇಳುತ್ತದೆ. ಆದರೆ ನೆಟ್‌ವರ್ಕ್ ನಿಧಾನ ಇದ್ದಾಗ ಆ ಅಂಕಿ ಸೊನ್ನೆ ತೋರಿಸಬಹುದು. ಕಾರಣ, ಎರಡನೇ ಸರ್ವರ್ ತನ್ನ ಕೈಗೆ ಬಂದದ್ದನ್ನೆಲ್ಲ ಬರೆದು ಮುಗಿಸಿರುತ್ತದೆ. ಬರಬೇಕಾದದ್ದು ದಾರಿಯಲ್ಲೇ ಇದೆ ಎಂದು ಅದಕ್ಕೆ ಗೊತ್ತಿಲ್ಲ. ಪರ್ಕೋನಾ ಟೂಲ್‌ಕಿಟ್‌ನಲ್ಲಿರುವ "ಪಿಟಿ ಹಾರ್ಟ್‌ಬೀಟ್" ಈ ತೊಂದರೆಗೇ ಮಾಡಿದ ಉಪಕರಣ. ಮೊದಲ ಸರ್ವರ್‌ನಲ್ಲಿ ಬರೆದು, ಎರಡನೆಯದರಲ್ಲಿ ಓದುತ್ತದೆ.

ಪತ್ರಿಕೆಯಲ್ಲಿ ಬರುವ ಮೂರು ಅಂಕಿ

ಎದೆಬಡಿತ ಒಂದೇ ಸಾಕಾ? ಏನೋ ಆಗಿದೆ ಎಂದು ಹೇಳಲು ಸಾಕು. ಏನಾಗಿದೆ, ಏನಾಗಲಿದೆ ಎಂದು ಹೇಳಲು ಸಾಲದು.

ಮಳೆಗಾಲದಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರಿನ ಯಾವ ಚಹಾ ಅಂಗಡಿಗೆ ಹೋದರೂ ಪತ್ರಿಕೆಯಲ್ಲಿ ಜನ ಹುಡುಕುವ ಸುದ್ದಿ ಒಂದಿದೆ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು. 1633 ಅಡಿ ಗರಿಷ್ಠ ಎಂದು ಹುಡುಗರಿಗೂ ಗೊತ್ತು. ಈ ಮೂರು ಅಂಕಿ ಓದಬಲ್ಲವರಿಗೆ ಸರ್ವರ್‌ನ ಅಂಕಿಗಳನ್ನು ಹೊಸದಾಗಿ ಕಲಿಸಬೇಕಿಲ್ಲ.

ಡಿಸ್ಕ್ ತಗೊಳ್ಳಿ. "ಡಿಸ್ಕ್ 80 ಶೇಕಡಾ ತುಂಬಿದರೆ ಎಚ್ಚರಿಸು" ಎಂದು ಎಲ್ಲರೂ ಹಾಕುತ್ತಾರೆ. ಆದರೆ ಬರೀ ಮಟ್ಟ ನೋಡಿ ಯಾವ ರೈತನೂ ಬಿತ್ತನೆ ನಿರ್ಧಾರ ಮಾಡುವುದಿಲ್ಲ. ಒಳಹರಿವು ನೋಡುತ್ತಾನೆ. ಡಿಸ್ಕ್ 90 ಶೇಕಡಾ ತುಂಬಿ ಎರಡು ವರ್ಷ ಹಾಗೇ ನಿಂತಿದ್ದರೆ ಭಯ ಇಲ್ಲ. 50 ಶೇಕಡಾ ಇದ್ದು, ನಿನ್ನೆ 30 ಇತ್ತು ಎಂದರೆ ಮಾತ್ರ ಈಗಲೇ ಎದ್ದು ಹೋಗಬೇಕು. ಕೇಳಬೇಕಾದ ಪ್ರಶ್ನೆ "ಎಷ್ಟು ತುಂಬಿದೆ" ಎಂದಲ್ಲ, "ಹೀಗೇ ಹೋದರೆ ಎಂದು ತುಂಬುತ್ತದೆ" ಎಂದು. ಪ್ರೊಮಿಥಿಯಸ್ ಎಂಬ ಉಚಿತ ನಿಗಾ ಸಾಫ್ಟ್‌ವೇರ್‌ನಲ್ಲಿ ಇದಕ್ಕಾಗಿಯೇ "ಪ್ರೆಡಿಕ್ಟ್ ಲೀನಿಯರ್" ಎಂಬ ಲೆಕ್ಕ ಇದೆ. ಕಳೆದ ಕೆಲವು ಗಂಟೆಗಳ ಅಂಕಿಗಳ ಮೇಲೆ ಗೆರೆ ಎಳೆದು ಮುಂದಿನದನ್ನು ಅಂದಾಜು ಮಾಡುತ್ತದೆ. ಮಿಲ್ಲಿನಲ್ಲಿ ನಾನು ನಾಲ್ಕು ದಿನದ ಗಡುವು ಹಾಕಿದ್ದೇನೆ. ಅಷ್ಟರೊಳಗೆ ತುಂಬುವ ಲಕ್ಷಣ ಕಂಡರೆ ಮೆಸೇಜ್ ಬರುತ್ತದೆ. ರಾತ್ರಿ ಬರಬೇಕಿಲ್ಲ, ಬೆಳಿಗ್ಗೆ ಬಂದರೆ ಸಾಕು. ನಾಲ್ಕು ದಿನ ಇದೆಯಲ್ಲ.

ಅಂದಹಾಗೆ, ಮೈಎಸ್‌ಕ್ಯೂಎಲ್‌ನ ಅಂಕಿಗಳನ್ನು ಪ್ರೊಮಿಥಿಯಸ್‌ಗೆ ತಲುಪಿಸುವ ಸಣ್ಣ ಪ್ರೋಗ್ರಾಂ ಒಂದಿದೆ. ಅದರ ಪೋರ್ಟ್ ಸಂಖ್ಯೆ 9104. ಮೈಲ್ 104 ಊರಿನವನಿಗೆ ಇದನ್ನು ಮರೆಯುವುದು ಸಾಧ್ಯವೇ ಇಲ್ಲ.

ಅಂಕಿಗಳಲ್ಲಿ ಎರಡು ಜಾತಿ ಇವೆ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಜಲಾಶಯದ ಮಟ್ಟದ ಹಾಗೆ ಏರುತ್ತವೆ, ಇಳಿಯುತ್ತವೆ. ಕೆಲವು ಜೆಸ್ಕಾಂ ಮೀಟರ್‌ನ ಹಾಗೆ ಏರುತ್ತಲೇ ಹೋಗುತ್ತವೆ. "ಇಲ್ಲಿಯವರೆಗೆ ಬಂದ ಪ್ರಶ್ನೆಗಳು 4 ಕೋಟಿ" ಎಂದು ಸರ್ವರ್ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಹಿಂದಿನ ರೀಡಿಂಗ್ ಕಳೆದಾಗಲೇ ಈ ತಿಂಗಳ ಬಿಲ್ಲು. ಸರ್ವರ್ ರೀಸ್ಟಾರ್ಟ್ ಆದರೆ ಮೀಟರ್ ಸೊನ್ನೆಗೆ ಹೋಗುತ್ತದೆ, ಅದನ್ನೂ ನೆನಪಿಡಬೇಕು. ಸೊನ್ನೆಗೆ ಹೋಗಿದ್ದೇ ಒಂದು ಸುದ್ದಿ. ರಾತ್ರಿ ಯಾರಿಗೂ ತಿಳಿಯದ ಹಾಗೆ ಸರ್ವರ್ ಬಿದ್ದು ಎದ್ದಿದೆ ಎಂದರ್ಥ.

ಇನ್ನು ಕನೆಕ್ಷನ್‌ಗಳು. ಅಂದರೆ ಸಾಫ್ಟ್‌ವೇರ್ ಸರ್ವರ್ ಜೊತೆ ತೆರೆದಿಡುವ ಸಂಪರ್ಕ. ಹೋಟೆಲಿನ ಕುರ್ಚಿ ಇದ್ದ ಹಾಗೆ. ಮೈಎಸ್‌ಕ್ಯೂಎಲ್‌ನಲ್ಲಿ ನಾವು ಬದಲಿಸದಿದ್ದರೆ 151 ಕುರ್ಚಿ, ಪೋಸ್ಟ್‌ಗ್ರೆಸ್‌ನಲ್ಲಿ 100. ಮಿರ್ಚಿ ಮಂಡಾಳ ತಿಂದು ಮುಗಿಸಿದವರು ಎದ್ದು ಹೋದರೆ ಮಾತ್ರ ಹೊಸಬರಿಗೆ ಜಾಗ. ಕೆಲವು ಸಾಫ್ಟ್‌ವೇರ್‌ಗಳು ಎದ್ದು ಹೋಗುವುದೇ ಇಲ್ಲ. ಕೆಲಸ ಮುಗಿದರೂ ಕನೆಕ್ಷನ್ ಮುಚ್ಚದೆ ಕೂತಿರುತ್ತವೆ. ಮೈಎಸ್‌ಕ್ಯೂಎಲ್ ಇಂಥವರನ್ನು ಎಬ್ಬಿಸುವುದು ಎಷ್ಟು ಹೊತ್ತಿಗೆ ಗೊತ್ತಾ? 28,800 ಸೆಕೆಂಡಿಗೆ. ಎಂಟು ಗಂಟೆ! ಯಾವ ಹೋಟೆಲ್ ಮಾಲೀಕ ಇಷ್ಟು ತಾಳ್ಮೆಯವನು? ಈ ಅಂಕಿಯನ್ನು ನಾನು ಹತ್ತು ನಿಮಿಷಕ್ಕೆ ಇಳಿಸಿಬಿಡುತ್ತೇನೆ. ಒಂದು ಸಮಾಧಾನ ಎಂದರೆ 151 ತುಂಬಿದರೂ ಆಡಳಿತದ ಅಧಿಕಾರ ಇರುವವರಿಗೆ ಇನ್ನೊಂದು ಕುರ್ಚಿ ಮೀಸಲಿರುತ್ತದೆ. ಆದರೆ ನಿಮ್ಮ ಸಾಫ್ಟ್‌ವೇರ್ ಕೂಡ ರೂಟ್ ಎಂಬ ಆಡಳಿತದ ಹೆಸರಿನಲ್ಲೇ ಲಾಗಿನ್ ಆಗುತ್ತಿದ್ದರೆ ಆ ಕುರ್ಚಿಯೂ ಹೋಯಿತು. ನಮ್ಮ ಕಡೆ ಹತ್ತರಲ್ಲಿ ಎಂಟು ಅಂಗಡಿಯಲ್ಲಿ ಹಾಗೇ ಮಾಡಿಟ್ಟಿರುತ್ತಾರೆ ಎಂದು ನನ್ನ ಅನುಮಾನ.

ಮೆಮೊರಿಯ ಬಗ್ಗೆ ಒಂದೇ ಮಾತು. ಅಂಗಡಿಯ ಮುಂದಿನ ಕಪಾಟಿನಲ್ಲಿ ಇಲ್ಲದ ಸಾಮಾನಿಗೆ ಗೋದಾಮಿಗೆ ಓಡಬೇಕು. ಮೈಎಸ್‌ಕ್ಯೂಎಲ್‌ನ ಕಪಾಟು, ಅಂದರೆ ಬಫರ್ ಪೂಲ್, ಮೊದಲಿಗೆ ಬರೀ 128 ಎಂಬಿ. ಸರ್ವರ್‌ನಲ್ಲಿ 16 ಜಿಬಿ ಮೆಮೊರಿ ಇದ್ದರೂ ಅಷ್ಟೇ. ಗೋದಾಮಿಗೆ ಎಷ್ಟು ಸಲ ಓಡುತ್ತಿದೆ ಎನ್ನುವ ಅಂಕಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಕಪಾಟು ದೊಡ್ಡದು ಮಾಡಿ.

ಸರಾಸರಿ ಎಂಬ ಮಳ್ಳ

ಸರ್ವರ್ ಎಷ್ಟು ಬೇಗ ಉತ್ತರ ಕೊಡುತ್ತಿದೆ ಎಂದು ಕೇಳಿದರೆ ಹೆಚ್ಚಿನ ಪರದೆಗಳು ಸರಾಸರಿ ಹೇಳುತ್ತವೆ. ಸರಾಸರಿಯನ್ನು ನಂಬಬೇಡಿ. ನೂರು ಚೀಟಿ ಎಂದಿಟ್ಟುಕೊಳ್ಳಿ. 98 ಚೀಟಿ ತಲಾ 0.1 ಸೆಕೆಂಡಿನಲ್ಲಿ ಸೇವ್ ಆದವು. ಎರಡಕ್ಕೆ ಮಾತ್ರ ತಲಾ 15 ಸೆಕೆಂಡ್ ಹಿಡಿಯಿತು. ಸರಾಸರಿ ಎಷ್ಟು? ಸುಮಾರು 0.4 ಸೆಕೆಂಡ್. ಅರ್ಧ ಸೆಕೆಂಡೂ ಇಲ್ಲ, ಭೇಷ್ ಎನ್ನಬಹುದು. ಆದರೆ ಆ ಇಬ್ಬರು ಡ್ರೈವರ್‌ಗಳು 15 ಸೆಕೆಂಡ್ ಕಾದರು, ಹಿಂದಿನವರು ಹಾರ್ನ್ ಹೊಡೆದರು. ಕಾಲುವೆಯಲ್ಲೂ ಇದೇ ಕಥೆ. ತಲೆಭಾಗದಲ್ಲಿ ತುಂಬಿದ ಗದ್ದೆ, ಕೊನೆಯಲ್ಲಿ ಒಣಗಿದ ಗದ್ದೆ, ಸರಾಸರಿ ನೋಡಿದರೆ ಎಲ್ಲರಿಗೂ ನೀರು ಸಿಕ್ಕಿದೆ!

ಅದಕ್ಕೇ ಸಾಲಿನ ಕೊನೆಯವರನ್ನು ನೋಡಬೇಕು. ನೂರು ಜನರನ್ನು ಕಾದ ಹೊತ್ತಿನ ಪ್ರಕಾರ ಸಾಲಾಗಿ ನಿಲ್ಲಿಸಿ, 99ನೆಯವನು ಎಷ್ಟು ಕಾದ ಎಂದು ಕೇಳುವುದು. ಇದಕ್ಕೆ 99ನೇ ಪರ್ಸೆಂಟೈಲ್ ಎನ್ನುತ್ತಾರೆ. ಮೇಲಿನ ಉದಾಹರಣೆಯಲ್ಲಿ ಅದು 15 ಸೆಕೆಂಡ್. ಈಗ ಮುಚ್ಚಿಟ್ಟದ್ದು ಹೊರಗೆ ಬಂತು.

ಆ 15 ಸೆಕೆಂಡ್ ಎಲ್ಲಿಂದ ಬಂತು ಎಂದು ಹುಡುಕಿದರೆ ಬಹಳ ಸಲ ಸಿಗುವುದು ಬೀಗ. ಗುಮಾಸ್ತರು ಒಂದು ಪುಟ ತಿದ್ದುತ್ತಿರುವಾಗ ಅದೇ ಸಾಲನ್ನು ಇನ್ನೊಬ್ಬರು ತಿದ್ದುವಂತಿಲ್ಲ, ಕಾಯಬೇಕು. ಒಮ್ಮೆ ಒಬ್ಬ ಅಕೌಂಟೆಂಟ್ ಹತ್ತಿಯ ದರ ತಿದ್ದಲು ಶುರು ಮಾಡಿ, ಬದಲಾವಣೆ ಖಾಯಂ ಮಾಡುವ ಕಮಿಟ್ ಒತ್ತದೆ ಊಟಕ್ಕೆ ಎದ್ದು ಹೋಗಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಆಮೇಲೆ ಸ್ವಲ್ಪ ಅಡ್ಡಾಗಿದ್ದೂ ಇರಬಹುದು. ಅವರು ಬರುವವರೆಗೆ ದರ ಬದಲಿಸಲು ಹೋದವರೆಲ್ಲ 50 ಸೆಕೆಂಡ್ ಕಾದು ಎರರ್ ತಿಂದರು. ಮೈಎಸ್‌ಕ್ಯೂಎಲ್ ಬೀಗಕ್ಕಾಗಿ ಕಾಯುವ ಮಿತಿ ಅದು. ಇದನ್ನು ಹಿಡಿಯಲು ನೋಡಬೇಕಾದ ಅಂಕಿ ಸುಲಭ. ಶುರುವಾಗಿ ಇನ್ನೂ ಕಮಿಟ್ ಆಗದ ಕೆಲಸಗಳಲ್ಲಿ (ಇವಕ್ಕೆ ತೆರೆದ ಟ್ರಾನ್ಸಾಕ್ಷನ್ ಎನ್ನುತ್ತಾರೆ) ಅತಿ ಹಳೆಯದು ಎಷ್ಟು ನಿಮಿಷದ್ದು? ಐದು ನಿಮಿಷ ದಾಟಿದರೆ ಯಾರೋ ಊಟಕ್ಕೆ ಹೋಗಿದ್ದಾರೆ.

ನಿಧಾನ ಪ್ರಶ್ನೆಗಳನ್ನು ಬರೆದಿಡುವ ಲಾಗ್ ಕೂಡ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದು ಮೊದಲಿಗೆ ಬಂದ್ ಇರುತ್ತದೆ. ಚಾಲೂ ಮಾಡಿದರೂ 10 ಸೆಕೆಂಡ್ ದಾಟಿದ್ದನ್ನು ಮಾತ್ರ ನಿಧಾನ ಎನ್ನುತ್ತದೆ. ಒಂದು ಸೆಕೆಂಡಿಗೆ ಇಳಿಸಿ.

ಚೈನ್ ಹರಿಯುವ ಮುಂಚೆ

2024ರ ಆಗಸ್ಟ್ 10ರ ರಾತ್ರಿ ಇಲ್ಲಿನವರಿಗೆ ಮರೆಯುವುದಿಲ್ಲ. ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಆ ದಿನ ಸಂಜೆಯವರೆಗೂ ಗೇಟ್ ಇತ್ತು. ಮಟ್ಟ, ಒಳಹರಿವು, ಹೊರಹರಿವು, ಯಾವ ಅಂಕಿಯಲ್ಲೂ ಚೈನಿನ ಸವೆತ ಕಾಣುವುದಿಲ್ಲ. ತಾತ್ಕಾಲಿಕ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ಇಳಿಸುವ ತಡೆ) ಇಳಿಸಿ ನೀರು ನಿಲ್ಲಿಸಲು ಸುಮಾರು ಒಂದು ವಾರ ಹಿಡಿಯಿತು.

ಸರ್ವರ್‌ನಲ್ಲೂ ಸವೆಯುವ ವಸ್ತುಗಳಿವೆ, ಡಿಸ್ಕ್ ಮೊದಲನೆಯದು. ಡಿಸ್ಕ್‌ಗಳ ಒಳಗೇ ಸ್ಮಾರ್ಟ್ ಎಂಬ ಒಂದು ಆರೋಗ್ಯ ಪುಸ್ತಕ ಇರುತ್ತದೆ. ಕೆಟ್ಟ ಜಾಗ ಬಿಟ್ಟು ಬೇರೆ ಜಾಗಕ್ಕೆ ಎಷ್ಟು ಸಲ ಸ್ಥಳಾಂತರ ಮಾಡಿದೆ ಎಂಬ ಎಣಿಕೆ ಅಲ್ಲಿರುತ್ತದೆ. ಸೊನ್ನೆ ಇದ್ದದ್ದು ಏರಲು ಶುರುವಾದರೆ ಹೊಸ ಡಿಸ್ಕ್‌ಗೆ ಆರ್ಡರ್ ಮಾಡಿ. ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಸರ್ವರ್ ಇಡುವುದು ಸಾಮಾನ್ಯವಾಗಿ ತಗಡಿನ ಕೆಳಗಿನ ಹಿಂಬದಿ ಕೋಣೆಯಲ್ಲಿ. ಇನ್ನು ಕರೆಂಟ್. ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ವಿದ್ಯುತ್ ಕೇಂದ್ರ ಇದೆ. ಆದರೂ ಯುಪಿಎಸ್ ಇಲ್ಲದೆ ಡೇಟಾಬೇಸ್ ಇಡುವ ಧೈರ್ಯ ನನಗಿಲ್ಲ. ಯುಪಿಎಸ್ ಬ್ಯಾಟರಿಯೂ ಸವೆಯುತ್ತದೆ. ಮೂರು ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಎಷ್ಟು ನಿಮಿಷ ತಡೆಯುತ್ತದೆ ಎಂದು ಗಡಿಯಾರ ಹಿಡಿದು ನೋಡುವುದೇ ಸರಿ.

ಯಾರನ್ನು ಎಬ್ಬಿಸಬೇಕು?

ಇಷ್ಟೆಲ್ಲ ಅಂಕಿ ಸಿಕ್ಕಿದ ಮೇಲೆ ಹೊಸಬರು ಮಾಡುವ ತಪ್ಪು, ಎಲ್ಲಕ್ಕೂ ಅಲರ್ಟ್ ಹಾಕುವುದು. ನಾನೂ ಮಾಡಿದ್ದೆ. ಸಿಪಿಯು 80 ದಾಟಿದರೆ ಮೆಸೇಜ್, ಕನೆಕ್ಷನ್ 50 ದಾಟಿದರೆ ಮೆಸೇಜ್. ದಿನಕ್ಕೆ ನೂರು ಮೆಸೇಜ್ ಬರತೊಡಗಿದವು. ಮೂರನೇ ದಿನ ಆ ವಾಟ್ಸ್ಯಾಪ್ ಗ್ರೂಪನ್ನು ಮ್ಯೂಟ್ ಮಾಡಿದೆ. ಮ್ಯೂಟ್ ಮಾಡಿದ ಅಲರ್ಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗಿನ ನನ್ನ ಲೆಕ್ಕ ಹೀಗೆ. ಎದೆಬಡಿತ ಮೂರು ನಿಮಿಷ ನಿಂತರೆ ಫೋನ್ ರಿಂಗ್ ಆಗಬೇಕು, ನಡುರಾತ್ರಿಯಾದರೂ ಸರಿ. ಡಿಸ್ಕ್, ಸ್ಮಾರ್ಟ್, ಬ್ಯಾಕಪ್ ಇವು ಹಗಲಿನ ಮೆಸೇಜ್. ಉಳಿದದ್ದೆಲ್ಲ ಗ್ರಾಫ್‌ನಲ್ಲಿ ಇರಲಿ. ಏನಾದರೂ ಆದಾಗ ತೆರೆದು ನೋಡುತ್ತೇನೆ. ಸಿಪಿಯು 95 ಇದ್ದು ಚೀಟಿ ಬೇಗ ಬರುತ್ತಿದ್ದರೆ ನನಗೇನು ನಷ್ಟ? ದುಡಿಯಲಿ ಬಿಡಿ.

ಬ್ಯಾಕಪ್ ಎಂದೆನಲ್ಲ, ಅಲ್ಲೊಂದು ದೊಡ್ಡವರ ಕಥೆ ಇದೆ. 2017ರ ಜನವರಿ 31ರಂದು, ಪ್ರೋಗ್ರಾಂ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ಎರಡನೇ ಸರ್ವರ್‌ನಲ್ಲಿದ್ದೇನೆ ಎಂದುಕೊಂಡು ಮುಖ್ಯ ಸರ್ವರ್‌ನ ಡೇಟಾ ಫೋಲ್ಡರ್ ಅಳಿಸಿದರು. ಇರಲಿ, ದಿನಾ ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಬ್ಯಾಕಪ್ ಜಾಗ ಖಾಲಿ. ಪೋಸ್ಟ್‌ಗ್ರೆಸ್ 9.6 ಡೇಟಾಬೇಸ್‌ಗೆ 9.2 ಆವೃತ್ತಿಯ ಬ್ಯಾಕಪ್ ಉಪಕರಣ ಓಡುತ್ತಿತ್ತು, ಪ್ರತಿ ಸಲವೂ ವಿಫಲ ಆಗುತ್ತಿತ್ತು. ವಿಫಲ ಆದಾಗ ಇಮೇಲ್ ಬರಬೇಕಿತ್ತು. ಆ ಇಮೇಲ್‌ಗಳಿಗೆ ಸರಿಯಾದ ಸಹಿ ಇಲ್ಲ ಎಂದು ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಯಾರಿಗೂ ಏನೂ ತಿಳಿಯಲಿಲ್ಲ. ಬೇರೆ ಕೆಲಸಕ್ಕೆಂದು ಒಬ್ಬರು ಸುಮಾರು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ, ಆ ಕ್ಷಣದ ಡೇಟಾದ ನಕಲಾದ ಸ್ನ್ಯಾಪ್‌ಶಾಟ್ ಒಂದು ಸಿಕ್ಕಿತು, ಅದರಿಂದ ಬದುಕಿದರು. ಇಷ್ಟನ್ನೂ ಆ ಕಂಪನಿ ಮುಚ್ಚಿಡದೆ ಬರೆದು ಪ್ರಕಟಿಸಿತು. ನಾನು ಎಷ್ಟೋ ಸಲ ಓದಿದ್ದೇನೆ.

ಅದನ್ನು ಓದಿದ ಮೇಲೆ ಎರಡು ಪದ್ಧತಿ ಮಾಡಿಕೊಂಡೆ. ತಿಂಗಳಿಗೊಮ್ಮೆ ಬ್ಯಾಕಪ್ ತೆಗೆದು ಒಂದು ಹಳೇ ಲ್ಯಾಪ್‌ಟಾಪ್‌ಗೆ ಪೂರ್ತಿ ಇಳಿಸಿ, ಹಿಂದಿನ ದಿನದ ಕೊನೆಯ ಚೀಟಿ ನಂಬರ್ ಅದರಲ್ಲಿದೆಯಾ ಎಂದು ಕಾಟಾದ ಕಾರ್ಬನ್ ಪುಸ್ತಕದ ಜೊತೆ ತಾಳೆ ನೋಡುತ್ತೇನೆ. ಎರಡನೆಯದು, ಕೆಟ್ಟ ಸುದ್ದಿ ಬಂದರೆ ಮಾತ್ರ ಮೆಸೇಜ್ ಎನ್ನುವುದನ್ನು ಬಿಟ್ಟೆ. ನಿಗಾ ಇಡುವ ಕಂಪ್ಯೂಟರ್ ಸತ್ತರೆ ಕೆಟ್ಟ ಸುದ್ದಿಯೂ ಬರುವುದಿಲ್ಲ. ಹಾಗಾಗಿ ಬೆಳಿಗ್ಗೆ 9 ಗಂಟೆಗೆ "ರಾತ್ರಿ ಬ್ಯಾಕಪ್ ಆಗಿದೆ, ಇಷ್ಟು ಜಿಬಿ, ಡಿಸ್ಕ್ ಇಷ್ಟು ದಿನಕ್ಕೆ ಸಾಕು" ಎಂದು ನನಗೂ ಕಾಟಾದ ಹುಡುಗನಿಗೂ ಒಂದು ಮೆಸೇಜ್ ಬರುವ ಹಾಗೆ ಮಾಡಿದ್ದೇನೆ. ಅದು ಬರಲಿಲ್ಲ ಎಂದರೆ ಅದೇ ಅಲರ್ಟ್.

ಹೋದ ವಾರ ಒಂಬತ್ತೂಕಾಲಿಗೆ ಅವನ ಫೋನ್. "ಸರ, ಇವತ್ತು ಒಂಬತ್ತರ ಮೆಸೇಜ್ ಬಂದಿಲ್ಲ ನೋಡ್ರಿ." ನಾನು ಗಮನಿಸಿರಲಿಲ್ಲ. ಹೋಗಿ ನೋಡಿದರೆ ಸರ್ವರ್ ಸರಿಯಾಗೇ ಇತ್ತು, ಚೀಟಿಗಳೂ ಬರುತ್ತಿದ್ದವು. ನಿಗಾ ಇಡುವ ಪುಟ್ಟ ಡಬ್ಬಿಯ ಪ್ಲಗ್ ಕಿತ್ತು, ಆ ಜಾಗದಲ್ಲಿ ಯಾರೋ ಮೊಬೈಲ್ ಚಾರ್ಜಿಗೆ ಹಾಕಿದ್ದರು.